ಅಂಕದ ಮೇಲೆ ಅಂಗೈ

ಅವರು ಅಂಕವನ್ನು ಬೆರಳಿಟ್ಟು ತೋರಿಸುತ್ತಿರಲಿಲ್ಲ. ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಅಂಕ ಬಿದ್ದ ಜಾಗದ ಮೇಲೆ ಅಂಗೈಯನ್ನೇ ಇಟ್ಟುಬಿಡುತ್ತಿದ್ದರು. “ಇದರ ಕೆಳಗೆ ಎಲ್ಲೋ ಇದೆ. ಇಂಥ ಕಡೆಯೇ ಅಂತ ನನ್ನ ಕೇಳಬೇಡಿ” ಎನ್ನುತ್ತಿದ್ದರು. ಎದುರಿಗೆ ಕುಳಿತ ತಂದೆಯೋ ತಾಯಿಯೋ ಕತ್ತು ಚಾಚಿ ಬೆರಳ ಸಂದಿಯಲ್ಲಿ ಇಣುಕುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡಿದ್ದೆ. ಯಾವ ಅಳತೆಯಲ್ಲೂ ಒಂದಷ್ಟು ತಪ್ಪು ಇದ್ದೇ ಇರುತ್ತದೆ ಎಂಬುದನ್ನು ವಿಶ್ವವಿದ್ಯಾಲಯದಲ್ಲಿ ನಾನು ಸೂತ್ರವಾಗಿ ಬಾಯಿಪಾಠ ಮಾಡಿದ್ದೆ. ಅದು ಒಂದು ಕೈಯಷ್ಟು ಅಗಲ ಇರುತ್ತದೆ ಎಂದು ನೋಡಿದ್ದು ಅರಸೀಕೆರೆಯಲ್ಲಿ.

ಅವರ ಹೆಸರು ಬರೆಯುತ್ತಿಲ್ಲ. ನೆನಪು ಇಟ್ಟಲ್ಲೇ ಇರುವ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಬರೆದು ಪರೀಕ್ಷೆ ಪಾಸಾದವನು ನಾನು. ಕೆಳಗೆ ಬರುವುದರಲ್ಲಿ ಎಷ್ಟು ಅವರದು, ಎಷ್ಟು ನಾನು ಕಟ್ಟಿದ್ದು ಎಂದು ಬೇರ್ಪಡಿಸಲು ನನಗೆ ಆಗುತ್ತಿಲ್ಲ. ಆ ಅನುಮಾನ ಇರುವವರೆಗೆ ಒಬ್ಬರ ಹೆಸರು ಹಾಕುವುದು ಸರಿಯಲ್ಲ. ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಮೇಡಂ ಎಂದೇ ಬರೆಯುತ್ತೇನೆ.

ನಾನು ಅಲ್ಲಿ ಮನಶ್ಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ ಸೇರಿದಾಗ ವಿಭಾಗ ಎಂದರೆ ಒಂದು ಕೋಣೆ, ಒಂದು ಬೀರು, ಮೇಡಂ. ದಿನವೂ ಹಳೇಬೀಡಿನಿಂದ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಂದು, ಸಂಜೆ ಅದೇ ದಾರಿಯಲ್ಲಿ ಹೋಗುತ್ತಿದ್ದರು. ಕಾಟನ್ ಸೀರೆ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಲಿಂಗದ ಕರಡಿಗೆ, ಬ್ಯಾಗಿನಲ್ಲಿ ಒಂದು ಹಿಡಿ ಹುರಿಗಡಲೆ. ಹುರಿಗಡಲೆಯನ್ನು ಮಾತಿನ ನಡುವೆ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಾರಾದರೂ ತಮ್ಮ ಬಗ್ಗೆ ತೀರ್ಪು ಕೇಳಿದರೆ ಮಾತ್ರ ಕೈ ನಿಂತುಬಿಡುತ್ತಿತ್ತು.

ತೀರ್ಪು ಕೇಳಿಕೊಂಡು ಬರುವವರು ಕಡಿಮೆ ಇರಲಿಲ್ಲ. ಮಕ್ಕಳಿಗೆ ಯಾವ ಕೋರ್ಸು ಎಂದು ತಿಳಿಯಲು ಕೋಚಿಂಗ್ ಸೆಂಟರುಗಳು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿ ಬಣ್ಣದ ಹಾಳೆ ಕೊಡಲು ಶುರುಮಾಡಿದ್ದ ಕಾಲ. ಒಮ್ಮೆ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮಗನ ಹಾಳೆಯನ್ನು ಹಿಡಿದು ಬಂದರು. ಮಗ ಹಿಂದೆ ನಿಂತಿದ್ದ.

“ನೋಡಿ ಮೇಡಂ, ಆತಂಕ ಅನ್ನೋದ್ರಲ್ಲಿ ತೊಂಬತ್ತೊಂದು ತಗೊಂಡವ್ನೆ. ಶಿಸ್ತಿನಲ್ಲಿ ಮಾತ್ರ ಮೂವತ್ತು, ಫೇಲು. ಟ್ಯೂಷನ್ ಹಾಕ್ಸಿದ್ರೆ ಏರ್ತದಾ?”

ನಾನು ನಕ್ಕೆ. ಮೇಡಂ ನಗಲಿಲ್ಲ. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಇದರಲ್ಲಿ ಪಾಸು ಫೇಲು ಇಲ್ಲ, ತೊಂಬತ್ತೊಂದು ಎಂದರೆ ನೂರು ಹುಡುಗರಲ್ಲಿ ತೊಂಬತ್ತರಷ್ಟು ಜನ ಇವನಿಗಿಂತ ಕಡಿಮೆ ಚಿಂತೆ ಇದೆ ಎಂದು ಗುರುತು ಹಾಕಿದ್ದಾರೆ ಅಷ್ಟೇ ಎಂದು ನಿಧಾನವಾಗಿ ಹೇಳಿದರು. ಆಮೇಲೆ ಹುಡುಗನನ್ನು ಹತ್ತಿರ ಕರೆದು, ಇದನ್ನು ಬರೆದ ದಿನ ಏನು ನಡೆದಿತ್ತು ಎಂದು ಕೇಳಿದರು. ಮಾರನೇ ದಿನ ಪಿಯುಸಿ ರಿಸಲ್ಟ್ ಇತ್ತು ಎಂದ. “ಹಂಗಾದ್ರೆ ಇವನು ಚಿಂತೆ ಮಾಡದೇ ಇದ್ದಿದ್ರೆ ನಾನು ಚಿಂತೆ ಮಾಡ್ತಿದ್ದೆ” ಎಂದು ಮೇಡಂ ಆ ತೊಂಬತ್ತೊಂದರ ಮೇಲೆ ಅಂಗೈ ಇಟ್ಟರು. ಸಾಹುಕಾರರಿಗೆ ಸಮಾಧಾನವಾಗಲಿಲ್ಲ. ಒಂದು ಉಂಡೆ ಕೊಬ್ಬರಿ ಒಡೆದು ನೋಡಿ ಇಡೀ ಲಾರಿಗೆ ರೇಟು ಕಟ್ಟುತ್ತೀರಾ ಎಂದು ಮೇಡಂ ಕೇಳಿದಾಗ ಸಾಹುಕಾರರು, “ಕಟ್ತೀವಿ ಮೇಡಂ. ಆಮೇಲೆ ಸಂಜೆ ತನಕ ಜಗಳ ಆಡ್ತೀವಿ” ಎಂದರು. ಆಗ ಮಾತ್ರ ಮೇಡಂ ಮೇಜು ತಟ್ಟಿಕೊಂಡು ನಕ್ಕರು.

ಇಂಥ ಪರೀಕ್ಷೆಗಳೆಲ್ಲ ಪತ್ರಿಕೆಯ ವಾರಭವಿಷ್ಯದ ಅಣ್ಣತಮ್ಮಂದಿರು ಎಂಬುದು ಆಗ ನನ್ನ ವಾದ. ಬೀರುವಿನಲ್ಲಿದ್ದ ಪ್ರಶ್ನಾವಳಿಗಳನ್ನೆಲ್ಲ ರದ್ದಿಗೆ ಹಾಕೋಣ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಹೇಳಿದ್ದೆ. ಮೇಡಂ ಸಿಟ್ಟಾಗಲಿಲ್ಲ. “ಎಲ್ಲಾ ಸುಳ್ಳು ಅನ್ನೋದು ಎಲ್ಲಾ ನಿಜ ಅನ್ನೋವಷ್ಟೇ ಸೋಮಾರಿತನ ಕಣಪ್ಪ. ಸ್ವಲ್ಪ ಹೇಳುತ್ತೆ ಅದು. ಆ ಸ್ವಲ್ಪ ಎಷ್ಟು ಅಂತ ನೋಡೋದೇ ನಮ್ಮ ಕೆಲಸ” ಎಂದರು. ಇದಿಷ್ಟನ್ನು ಅವರು ಒಂದೇ ಸಲಕ್ಕೆ ಹೇಳಿದರೋ, ಬೇರೆ ಬೇರೆ ದಿನ ಹೇಳಿದ್ದನ್ನು ನಾನು ಜೋಡಿಸಿಕೊಂಡೆನೋ ಗೊತ್ತಿಲ್ಲ.

ಗೊತ್ತಿರುವುದು ಒಂದು ಪ್ರಶ್ನೆ. ಯಾರು ಯಾವ ಹಾಳೆ ತಂದರೂ ಅವರು ಒಂದಲ್ಲ ಒಂದು ಹೊತ್ತಿಗೆ ಕೇಳುತ್ತಿದ್ದುದು ಅದನ್ನೇ: “ಬರೆಯೋವಾಗ ಪಕ್ಕದಲ್ಲಿ ಯಾರಿದ್ರು?” ಅವರು ತೀರಿಕೊಂಡು ಆರು ತಿಂಗಳಾಗುತ್ತ ಬಂತು. ನಾನು ಈಗ ಬೇರೆ ಊರಿನ ಬೇರೆ ಕಾಲೇಜಿನಲ್ಲಿದ್ದೇನೆ. ಸೆಮಿನಾರಿನಲ್ಲಿ ಯಾರದೋ ಅಂಕಪಟ್ಟಿ ಪರದೆಯ ಮೇಲೆ ಬಿದ್ದಾಗ, ಇಂಟರ್‌ವ್ಯೂನಲ್ಲಿ ಯಾರನ್ನೋ ಎದುರಿಗೆ ಕೂರಿಸಿಕೊಂಡಾಗ, ಎಡಗಿವಿಯ ಹಿಂದಿನಿಂದ ಆ ಪ್ರಶ್ನೆ ಬರುತ್ತದೆ. ದೆವ್ವ ಪಿಶಾಚಿ ನಂಬುವವನಲ್ಲ ನಾನು. ಆದರೂ ಎರಡು ಸಲ ತಿರುಗಿ ನೋಡಿದ್ದೇನೆ.

ಮಾದಿಹಳ್ಳಿಯ ಆಚೆ ಒಂದು ವಸತಿ ಶಾಲೆ ಇತ್ತು. ಊರಿನ ತೆಂಗಿನ ತೋಟದ ಕುಳಗಳು ಸೇರಿ ನಡೆಸುತ್ತಿದ್ದದ್ದು. ಮೇಡಂ ಆಗಾಗ ಭಾನುವಾರ ಅಲ್ಲಿಗೆ ಹೋಗಿ ಹಾಸ್ಟೆಲಿನ ಹುಡುಗಿಯರ ಜೊತೆ ಕೂತು ಮಾತಾಡಿ ಬರುತ್ತಿದ್ದರು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದವಳು ಕಣಕಟ್ಟೆ ಕಡೆಯ ಹೆಣ್ಣುಮಗಳು, ಶೈಲಜಾ. ಅಲ್ಲೇ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದವಳು. ಎರಡು ವರ್ಷದಿಂದ ತಾತ್ಕಾಲಿಕ ವಾರ್ಡನ್. ಹುದ್ದೆ ಕಾಯಂ ಆಗುವ ಹೊತ್ತಿಗೆ ಇನ್ನೊಬ್ಬ ಅಭ್ಯರ್ಥಿಯೂ ಬಂದಿದ್ದರಿಂದ ಆಡಳಿತ ಮಂಡಳಿಯವರು ಹೊಸ ರೀತಿಯಲ್ಲಿ ಆಯ್ಕೆ ಮಾಡೋಣವೆಂದು ಯಾವುದೋ ಏಜೆನ್ಸಿಯಿಂದ ವ್ಯಕ್ತಿತ್ವ ಪರೀಕ್ಷೆ ತರಿಸಿದರು. ಪ್ರಶ್ನೆಪುಸ್ತಕವನ್ನು ಇಬ್ಬರಿಗೂ ಕೊಟ್ಟು, ಮನೆಯಲ್ಲಿ ತುಂಬಿ ತನ್ನಿ ಎಂದು ಕಳಿಸಿದರು.

ಶೈಲಜಾಳ ಫಲಿತಾಂಶ ಬಂತು. ಚಿಂತೆ, ಅಂಜಿಕೆ ತೀರಾ ಹೆಚ್ಚು. ಜನರೊಂದಿಗೆ ಬೆರೆಯುವುದು ತೀರಾ ಕಡಿಮೆ. ಕೊನೆಯಲ್ಲಿ ಯಂತ್ರವೇ ಅಚ್ಚು ಹಾಕಿದ ಸಾಲು: ಜವಾಬ್ದಾರಿಯ ಹುದ್ದೆಗೆ ಶಿಫಾರಸು ಇಲ್ಲ. ಕಾರ್ಯದರ್ಶಿಯವರಿಗೆ ಇರಿಸುಮುರಿಸಾಯಿತು. ಹುಡುಗಿ ಒಳ್ಳೆಯವಳು ಎಂದು ಅವರಿಗೂ ಗೊತ್ತಿತ್ತು. ಅಚ್ಚಾದ ಸಾಲನ್ನು ಮೀರುವ ಧೈರ್ಯ ಇರಲಿಲ್ಲ. ಮೇಡಂ ನೋಡಿ ಹೇಳಲಿ ಎಂದು ಕರೆಸಿದರು. ಮೇಡಂ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಆ ದಿನ ಅವರು ಹಸಿರು ಸೀರೆ ಉಟ್ಟಿದ್ದರು ಎಂದು ಬರೆದು ಹೊಡೆದು ಹಾಕಿದ್ದೇನೆ. ಸೀರೆಯ ಬಣ್ಣ ನನಗೆ ನೆನಪಿಲ್ಲ. ಶಾಲೆಯ ಜಗಲಿ, ಒಗೆದು ಹರವಿದ ಯೂನಿಫಾರ್ಮುಗಳು, ಕಂಬಕ್ಕೆ ಒರಗಿ ನಿಂತ ಶೈಲಜಾ, ಇವಿಷ್ಟು ನೆನಪಿದೆ. ಮೇಡಂ ಹಾಳೆಯನ್ನು ಬಿಚ್ಚಲೂ ಇಲ್ಲ. ಪಕ್ಕದಲ್ಲಿ ಯಾರಿದ್ರು ಎಂದು ಕೇಳಿದರು.

“ಎಲ್ಲಾರೂ ಇದ್ರು” ಎಂದಳು ಶೈಲಜಾ.

ಊಟವಾದ ಮೇಲೆ ಹಜಾರದಲ್ಲಿ ಮನೆಯವರೆಲ್ಲ ಸುತ್ತ ಕೂತಿದ್ದರಂತೆ. ಅತ್ತೆಗೆ ಓದಲು ಬಾರದ್ದರಿಂದ ಗಂಡ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದ. ನಿಮಗೆ ಜನರ ಜೊತೆ ಬೆರೆಯುವುದು ಇಷ್ಟವೇ ಎಂದು ಓದಿದರೆ ಅತ್ತೆ, ಎಲ್ಲಿ ಬೆರೀತಾಳೆ, ಬಂದೋರಿಗೆ ನೀರು ಕೊಟ್ಟು ಒಳಗೆ ಹೋಗ್ತಾಳೆ, ಇಲ್ಲ ಅಂತ ಹಾಕು ಎಂದರು. ಸಣ್ಣ ವಿಷಯಕ್ಕೂ ಚಿಂತೆ ಮಾಡುತ್ತೀರಾ ಎಂಬುದಕ್ಕೆ ಗಂಡ ತಾನೇ ನಕ್ಕು ಹೌದು ಎಂದು ಗುರುತು ಹಾಕಿದ. ಮೈದುನನೂ ಒಂದೆರಡು ಸೇರಿಸಿದ. ಕೊನೆಯ ಪುಟದ ಹೊತ್ತಿಗೆ ಎಲ್ಲರಿಗೂ ಖುಷಿಯಾಗಿ, ಒಂದೊಂದು ಪ್ರಶ್ನೆಗೂ ಹಳೆಯ ಕಥೆಯೊಂದನ್ನು ತೆಗೆಯುತ್ತಿದ್ದರಂತೆ.

ನೀವೇ ಯಾಕೆ ತುಂಬಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ನಾನು ಹೆಂಗಿದ್ದೀನಿ ಅಂತ ನಾನೇ ಹೆಂಗೆ ಹೇಳ್ಕಳದು ಸಾರ್? ಅದು ಚೆನ್ನಾಗಿರಲ್ಲ. ನೋಡೋರು ತಾನೆ ಹೇಳ್ಬೇಕು?”

ನನಗೆ ಆ ಮನೆಯವರ ಮೇಲೆ ಸಿಟ್ಟು ಬಂತು. ಮೇಡಂಗೆ ಬರಲಿಲ್ಲ. ಅವರು ಯಾರೂ ಸುಳ್ಳು ಹೇಳಿಲ್ಲ, ಆ ಹಜಾರದಲ್ಲಿ ಇವಳು ಹಾಗೇ ಇರಬಹುದು, ಇದು ಹಜಾರದ ಅಂಕ ಎಂದರು. ಹಾಸ್ಟೆಲಿನಲ್ಲಿ ಏನು ಎಂದು ಇದು ಹೇಳುವುದಿಲ್ಲ. ಆಮೇಲೆ ಕಾರ್ಯದರ್ಶಿಯನ್ನು ಒಪ್ಪಿಸಿ ಅಂದೇ ಇನ್ನೊಂದು ಪುಸ್ತಕ ತರಿಸಿದರು. ಒಂದು ಖಾಲಿ ಕ್ಲಾಸಿನಲ್ಲಿ ಶೈಲಜಾಳನ್ನು ಒಬ್ಬಳನ್ನೇ ಕೂರಿಸಿದರು. ತಾವು ಜಗಲಿಯಲ್ಲಿ, ಬೆನ್ನು ಅವಳ ಕಡೆಗೆ ಮಾಡಿಕೊಂಡು, ಹುರಿಗಡಲೆ ಸಹ ತಿನ್ನದೆ ಕೂತರು. ಯಾರೂ ಆ ಕಡೆ ಹೋಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಕೀಲಿಹಾಳೆ ಇಟ್ಟುಕೊಂಡು ಕೈಯಲ್ಲೇ ಅಂಕ ಕೂಡಿಸಿದವನು ನಾನು. ಬೇರೆಯೇ ಹೆಣ್ಣುಮಗಳು ಹೊರಬಂದಳು. ಸಮಾಧಾನಿ, ಸ್ನೇಹಮಯಿ, ಗಾಬರಿಯಾಗದವಳು. ಹಾಸ್ಟೆಲ್ ವಾರ್ಡನ್ ಹೇಗಿರಬೇಕೆಂದು ಯಾರಾದರೂ ಚಿತ್ರ ಬರೆದರೆ ಹಾಗಿತ್ತು. ಪರೀಕ್ಷೆಗಳನ್ನೇ ನಂಬದ ನಾನು ಆ ಹಾಳೆಯನ್ನು ಹಿಡಿದು ಕುಣಿಯುವಂತಾದೆ. ಇದನ್ನು ಈಗಲೇ ಆಫೀಸಿಗೆ ಕೊಟ್ಟುಬಿಡೋಣ ಎಂದೆ. ಮೇಡಂ ಪುಸ್ತಕವನ್ನೂ ಹಾಳೆಯನ್ನೂ ನನ್ನ ಕೈಯಿಂದ ತೆಗೆದುಕೊಂಡು, ಅಂಕ ಬಿಟ್ಟು, ಉತ್ತರಗಳನ್ನು ಒಂದೊಂದಾಗಿ ಓದಿದರು. ಬಹಳ ಹೊತ್ತು ಓದಿದರು. “ಇದರಲ್ಲಿ ಅವಳು ಎಲ್ಲಿದ್ದಾಳಪ್ಪ?” ಎಂದು ನನ್ನನ್ನು ಕೇಳಿದರು.

ಆ ಮಾತನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಬಳಸಿದ್ದೇನೆ. ಕೆಲಸ ಸಿಗುವುದು ಈ ಹಾಳೆಯ ಮೇಲೆ ನಿಂತಿದೆ ಎಂದು ಗೊತ್ತಿರುವವರು ಒಳ್ಳೆಯ ಉತ್ತರವನ್ನೇ ಆರಿಸುತ್ತಾರೆ, ನಮಗೆ ಬೇಡವಾದ ಅಂಕವನ್ನು ಅನುಮಾನಿಸಿದಷ್ಟೇ ನಮಗೆ ಬೇಕಾದ ಅಂಕವನ್ನೂ ಅನುಮಾನಿಸಬೇಕು ಎಂದು ಅದಕ್ಕೆ ವಿವರಣೆ ಕೊಟ್ಟಿದ್ದೇನೆ. ವಿವರಣೆ ತಪ್ಪಲ್ಲ. ಅದು ಅವರದೇ ಎಂದೂ ತಿಳಿದಿದ್ದೆ.

ಮೇಡಂ ಮಂಡಳಿಗೆ ಪತ್ರ ಬರೆದರು. ಎರಡು ಪರೀಕ್ಷೆಗಳಲ್ಲಿ ಯಾವುದನ್ನೂ ಆಧಾರ ಮಾಡಬೇಡಿ. ನಾನು ಕಂಡಂತೆ ಈಕೆ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ. ನನ್ನ ಮಾತನ್ನೂ ಪೂರ್ತಿ ನಂಬದೆ ಅಡುಗೆಯವರನ್ನು, ಹುಡುಗಿಯರನ್ನು ಕೇಳಿ ಎಂದು. ಎರಡನೆಯ ಅಂಕ ಎಷ್ಟು ಎಂದು ಹೇಳಲಿಲ್ಲ. ಕಾರ್ಯದರ್ಶಿ ಕಾಲೇಜಿಗೇ ಬಂದು ಕೇಳಿಕೊಂಡರು. “ಕಾಗದ ಚೆನ್ನಾಗಿದೆ ಮೇಡಂ. ಮೀಟಿಂಗಲ್ಲಿ ನಂಬರ್ ಕೇಳ್ತಾರೆ. ಒಂದು ನಂಬರ್ ಕೊಟ್ಬಿಡಿ, ಹುಡುಗಿಗೆ ಆಗೋಗುತ್ತೆ.” ಮೇಡಂ ಕೊಡಲಿಲ್ಲ. ಇನ್ನೊಬ್ಬ ಅಭ್ಯರ್ಥಿಯ ಹಾಳೆಯಲ್ಲಿ ಶಿಫಾರಸು ಮಾಡಲಾಗಿದೆ ಎಂಬ ಸಾಲು ಅಚ್ಚಾಗಿತ್ತು. ಹುದ್ದೆ ಆಕೆಗೆ ಹೋಯಿತು.

ಸುದ್ದಿ ಬಂದ ದಿನ ನಾನು ಮೇಡಂಗೆ ಮಾತನ್ನು ಬಿಗಿಹಿಡಿಯದೆ ಹೇಳಿದೆ. ನಿಮ್ಮ ಎಚ್ಚರಿಕೆಗೆ ಬೆಲೆ ತೆತ್ತವಳು ಅವಳು, ನೀವಲ್ಲ ಎಂದೆ. ವಾದ ಮಾಡುತ್ತಾರೆ ಅಂದುಕೊಂಡಿದ್ದೆ. ಹೌದು ಎಂದರು. ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೋದರು. ಆಮೇಲೆ ಕೆಲವು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಬಿಟ್ಟವರು ಅವರೋ ನಾನೋ ಈಗ ಹೇಳಲಾರೆ. ಮುಂದಿನ ವರ್ಷ ನಾನು ಕಾಲೇಜು ಬಿಟ್ಟೆ. ಅದಾದ ಮೇಲೆ ಅವರು ನಿವೃತ್ತರಾದರು. ಹಾಳೆ ಹಿಡಿದು ಮನೆಗೆ ಬಂದವರಿಗೆ ಟೀ ಕೊಟ್ಟು, ಹಾಳೆಯನ್ನು ಮುಟ್ಟದೆ, ಮಗುವಿನ ಬಗ್ಗೆ ಮಾತಾಡಿ ಕಳಿಸುತ್ತಿದ್ದರಂತೆ.

ತೀರಿಕೊಂಡ ಸುದ್ದಿಯನ್ನು ಅವರ ತಮ್ಮ ಫೋನ್ ಮಾಡಿ ತಿಳಿಸಿದರು. ಮಣ್ಣಿಗೆ ಹೋಗಲಾಗಲಿಲ್ಲ. ಶಿವಗಣಾರಾಧನೆಗೆ ಹಳೇಬೀಡಿಗೆ ಹೋದೆ. ಮನೆಯ ಮುಂದೆ ಶಾಮಿಯಾನ, ಒಳಗೆ ಫೋಟೋಗೆ ವಿಭೂತಿ, ಹೂವು. ಫೋಟೋದಲ್ಲಿದ್ದ ಮುಖವನ್ನು ನೋಡಿ ನನಗೆ ಗಾಬರಿಯಾಯಿತು. ಅದು ನಾನು ನೆನಪಿಟ್ಟುಕೊಂಡ ಮುಖವಾಗಿರಲಿಲ್ಲ. ಇನ್ನೂ ಸಣ್ಣಗಿತ್ತು. ಯಾವುದೋ ಮಾತಿಗೆ ಉತ್ತರ ಕಾಯುತ್ತಿರುವಂತಿತ್ತು.

ಊಟದ ಪಂಕ್ತಿ ಎದ್ದ ಮೇಲೆ ಒಬ್ಬ ಹೆಂಗಸು ಬಂದು, ಗುರುತು ಸಿಕ್ಕಿತಾ ಸಾರ್ ಎಂದಳು. ಶೈಲಜಾ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬೇಲೂರಿನ ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಾಳಂತೆ. ಅದು ಸಿಕ್ಕಿದ್ದು ನಾಲ್ಕೈದು ವರ್ಷ ಮನೆಯಲ್ಲಿ ಕೂತ ಮೇಲೆ. ನಾವಿಬ್ಬರೂ ಶಾಮಿಯಾನದ ಅಂಚಿನ ಕುರ್ಚಿಗಳಲ್ಲಿ ಕೂತೆವು.

“ಆ ಎರಡನೇ ಪೇಪರ್ ತೋರಿಸಿದ್ರೆ ಸಿಗ್ತಿತ್ತು ನಂಗೆ” ಎಂದಳು. “ಬೇಜಾರಿತ್ತು ಸಾರ್. ಈಗ್ಲೂ ಐತೆ, ಸಾವಿನ ಮನೇಲಿ ಕೂತು ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಫೋನ್ ಮಾಡ್ತಿದ್ರು ಮೇಡಂ. ನಾನು ಎತ್ತುತಿರ್ಲಿಲ್ಲ.”

ನಾನೂ ಅವತ್ತು ಅದನ್ನೇ ಹೇಳಿದ್ದೆ ಎಂದೆ. ಎರಡನೆಯ ಸಲ ನೀವೇ ಕೂತು ನಿಮ್ಮದೇ ಉತ್ತರ ಬರೆದಿದ್ದಿರಿ, ಅದನ್ನು ಅವರು ನಂಬಬೇಕಿತ್ತು ಎಂದೆ.

ಶೈಲಜಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನಂದೆಲ್ಲಿ ಸಾರ್? ಒಬ್ಳೇ ಕೂರ್ಸಿದ್ರಲ್ಲ, ಏನು ಹಾಕ್ಬೇಕು ಅಂತ್ಲೇ ತಿಳೀಲಿಲ್ಲ. ಯಾರೂ ಹೇಳೋರಿಲ್ಲ. ಹೊರ್ಗಡೆ ಮೇಡಂ ಬೆನ್ನು ಕಾಣ್ತಿತ್ತು. ಮೇಡಂ ಆಗಿದ್ರೆ ಏನು ಹಾಕೋರು ಅಂದ್ಕಂಡು ಹಾಕ್ತಾ ಹೋದೆ. ಸಿಟ್ಟು ಬರುತ್ತಾ ಅಂತ ಇತ್ತು, ಮೇಡಂಗೆ ಬರಲ್ಲ, ಇಲ್ಲ ಅಂತ ಹಾಕ್ದೆ. ಹೊಸಬರ ಜೊತೆ ಮಾತಾಡ್ತೀರಾ ಅಂತ ಇತ್ತು, ಹೌದು ಅಂತ ಹಾಕ್ದೆ. ಪೂರ್ತಿ ಹಂಗೇ.”

ಮೇಡಂಗೆ ಇದು ಗೊತ್ತಿತ್ತೇ ಎಂದು ಕೇಳಿದೆ.

“ನನ್ನೇ ಕೇಳಿದ್ರಲ್ಲ ಸಾರ್, ಇದರಲ್ಲಿ ನೀನು ಎಲ್ಲಿದ್ದೀಯಮ್ಮ ಅಂತ. ನೀವು ಅಲ್ಲೇ ನಿಂತಿದ್ರಿ. ನಾನು ತಲೆ ತಗ್ಗಿಸ್ದೆ. ಅವ್ರಿಗೆ ತಿಳೀತು.”

ನನ್ನನ್ನು ಕೇಳಿದ್ದು ಎಂದು ಹೇಳಲು ಬಾಯಿ ತೆರೆದೆ. ಆ ದನಿ, ಆ ಜಗಲಿ, ನನ್ನ ಕಡೆ ತಿರುಗಿದ ಆ ಮುಖ ಎಲ್ಲ ನನ್ನ ಬಳಿ ಇತ್ತು. ಎಷ್ಟು ಸಲ ತರಗತಿಯಲ್ಲಿ ಹೇಳಿ ಹೇಳಿ ಆ ಮುಖವನ್ನು ನಾನು ನನ್ನ ಕಡೆ ತಿರುಗಿಸಿಕೊಂಡೆನೋ.

“ಒಂದು ಪ್ರಶ್ನೆ ಓದ್ತಾ ಮಾತ್ರ ನಿಂತ್ಬಿಟ್ರು” ಎಂದಳು ಶೈಲಜಾ. “ಒಂಟಿ ಅನ್ಸುತ್ತಾ ಅಂತ ಇತ್ತಲ್ಲ, ಅದು. ಅದಕ್ಕೆ ಹೌದು ಅಂತ ಹಾಕಿದ್ದೆ.”

ಯಾಕೆ ಎಂದು ಕೇಳಿದೆ. ಭಾನುವಾರ ಹುಡುಗಿಯರ ಜೊತೆ ಕೂತರೆ ಕೊನೆಯ ಬಸ್ಸು ಹಾರನ್ ಹೊಡೆಯುವವರೆಗೂ ಮೇಡಂ ಏಳುತ್ತಿರಲಿಲ್ಲ, ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಒಂದು ಮಾತು ತೆಗೆಯುತ್ತಿದ್ದರು, ಅದಕ್ಕೇ ಹಾಗೆ ಅನಿಸಿತು ಎಂದಳು. ಮೇಡಂ ಆ ಗುರುತನ್ನು ನೋಡಿ, ಅವಳನ್ನು ನೋಡಿ, ಪುಸ್ತಕ ಮಡಚಿದರಂತೆ. ಈ ಪೇಪರ್ ನಾನು ಯಾರಿಗೂ ತೋರಿಸೋಕಾಗಲ್ಲಮ್ಮ ಎಂದರಂತೆ.

ನಾನು ಆ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದೆ. ಮೊತ್ತ ಕೂಡಿಸಿದ್ದೆ, ಉತ್ತರ ಓದಿರಲಿಲ್ಲ. ಅಳುಕಿನಿಂದ ಹಾಕಿದ ಒಂದು ಗುರುತು, ತಿಂಗಳಿಗೊಮ್ಮೆ ನೋಡುತ್ತಿದ್ದವಳ ಊಹೆ, ಇಷ್ಟು ವರ್ಷದ ಮೇಲೆ ಹೇಳುತ್ತಿರುವ ನೆನಪು. ಇಂಥದ್ದರಿಂದ ಒಬ್ಬರ ಬಗ್ಗೆ ಏನನ್ನೂ ತೀರ್ಮಾನಿಸಬಾರದು. ಯಾವ ವಿದ್ಯಾರ್ಥಿ ಬರೆದು ತಂದರೂ ನಾನು ಅಡ್ಡಗೆರೆ ಎಳೆದು ವಾಪಸ್ ಕೊಡುತ್ತಿದ್ದೆ.

ಶೈಲಜಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಬೇಜಾರು ಹೋಗಿರಲಿಲ್ಲ, ಅದರ ಜೊತೆಗೆ ಬೇರೆ ಏನೋ ಬಂದು ಕೂತಿತ್ತು.

“ಸರಿಯಾಗಿ ಹಾಕಿದ್ನಾ ಸಾರ್ ನಾನು? ನೀವು ಅವ್ರ ಜೊತೆ ಒಂದೇ ರೂಮಲ್ಲಿ ಅಷ್ಟು ವರ್ಷ ಇದ್ರಿ.”

ಗೊತ್ತಿಲ್ಲ ಎಂದೆ. ಆ ಮಾತನ್ನು ನಾನು ಬದುಕಿನುದ್ದಕ್ಕೂ ಜಂಬದಿಂದ ಹೇಳಿಕೊಂಡು ಬಂದಿದ್ದೇನೆ. ಅಂದು ಅದು ನಾಚಿಕೆಯಿಂದ ಹೊರಬಂತು. ನಾನು ಇನ್ನೂ ಏನಾದರೂ ಹೇಳುತ್ತೇನೆಂದು ಅವಳು ಕಾಯುತ್ತಲೇ ಕೂತಿದ್ದಳು.